ಮೆಣಸಿನ ಜಗಳಕ್ಕೆ ಕೊಡಗಿನ ದಾರಿ

2015ರ ನವೆಂಬರಿನಲ್ಲಿ ಟಿಪ್ಪು ಜಯಂತಿಯ ಹೆಸರಿನಲ್ಲಿ ಮಡಿಕೇರಿಯ ಬೀದಿಗಳಲ್ಲಿ ಕಲ್ಲು ತೂರಾಟ ನಡೆದು ಜೀವಹಾನಿಯಾಯಿತು. 2019ರಲ್ಲಿ ಸರ್ಕಾರ ಜಯಂತಿಯನ್ನು ನಿಲ್ಲಿಸಿತು, ಜಗಳ ನಿಂತಿಲ್ಲ. ಕೆಲವರದು ಸುಲ್ತಾನನ ಪಕ್ಷ, ಕೆಲವರದು ಕೊಡಗಿನ ಅರಸನ ಪಕ್ಷ. ಇಬ್ಬರನ್ನೂ ನುಂಗಿ ತೇಗಿದ ಮೂರನೆಯವನ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಗಿರಣಿಯ ಕೂಲಿಯ ಲೆಕ್ಕ ಬಲ್ಲವರೂ ಅಂಗಡಿಯ ಖಾತೆ ಬರೆಯುವವರೂ ಕೇಳಬೇಕಾದ ಪ್ರಶ್ನೆ ಒಂದೇ: ಲಾಭ ಯಾರಿಗಾಯಿತು?

ಘಟ್ಟದ ಕೆಳಗೆ ತಲಚೇರಿಯಲ್ಲಿ ಇಂಗ್ಲಿಷ್ ಕಂಪೆನಿಯ ಕೋಠಿ. ಅಲ್ಲಿಂದ 10 ಕಿಲೋಮೀಟರೂ ಇಲ್ಲದ ಮಾಹೆಯಲ್ಲಿ ಫ್ರೆಂಚರ ಕೋಠಿ. ಇಬ್ಬರೂ ಬಂದದ್ದು ಕರಿಮೆಣಸಿನ ಆಸೆಗೆ. ಅಮೆರಿಕದ ಯುದ್ಧಕ್ಕೆ 1778ರಲ್ಲಿ ಫ್ರಾನ್ಸ್ ಕೈಹಾಕಿತು. 1779ರಲ್ಲಿ ಇಂಗ್ಲಿಷರು ಮಾಹೆಯನ್ನು ಹಿಡಿದರು. ಹೈದರನಿಗೆ ಮದ್ದುಗುಂಡು ಬರುತ್ತಿದ್ದ ರೇವು ಅದು. ಮರುವರ್ಷವೇ ಯುದ್ಧ. ಎಲ್ಲಿಯ ಅಮೆರಿಕ, ಎಲ್ಲಿಯ ಮಾಹೆ! ಫ್ರೆಂಚರ ಗೆಳೆತನವಾದರೂ ಎಂಥದು? 1783ರಲ್ಲಿ ಟಿಪ್ಪು ಮಂಗಳೂರಿಗೆ ಮುತ್ತಿಗೆ ಹಾಕಿದ್ದಾಗ ಯೂರೋಪಿನಲ್ಲಿ ಸಂಧಿಯಾದ ಸುದ್ದಿ ಬಂತು. ಜೊತೆಗಿದ್ದ ಫ್ರೆಂಚ್ ದಂಡು ಗಂಟುಮೂಟೆ ಕಟ್ಟಿತು.

ಹೈದರನೂ ಟಿಪ್ಪುವೂ ಕೊಡಗಿನ ಮೇಲೆ ಏರಿಬಂದದ್ದು, ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು ಸುಳ್ಳಲ್ಲ. ಅದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ದೊಡ್ಡವೀರರಾಜೇಂದ್ರ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದವನು. ಅವನ ಕೋಪ ನ್ಯಾಯವಾದದ್ದೇ. 1790ರಲ್ಲಿ ಅವನು ಕಂಪೆನಿಯ ಕೈಹಿಡಿದ. ಜನರಲ್ ಅಬರ್‌ಕ್ರಾಂಬಿಯ ಮುಂಬಯಿ ದಂಡು ಕೊಡಗಿನ ಘಟ್ಟ ಹತ್ತಿ, ಕೊಡಗಿನ ಅಕ್ಕಿ ಉಂಡು ಶ್ರೀರಂಗಪಟ್ಟಣಕ್ಕೆ ನಡೆಯಿತು. ಆ ಜನರಲ್ಲನ ಭೇಟಿಯ ನೆನಪಿಗೆ ಅರಸ 1792ರಲ್ಲಿ ಕಟ್ಟಿಸಿದ ಪೇಟೆಯೇ ಇಂದಿನ ವಿರಾಜಪೇಟೆ. ಉಂಡ ಋಣಕ್ಕೆ ಕಂಪೆನಿ ಮಾಡಿದ್ದೇನು? ವರ್ಷಕ್ಕೆ 24,000 ರೂಪಾಯಿ ಕಪ್ಪ ಗೊತ್ತುಮಾಡಿತು!

1798ರಲ್ಲಿ ಮಾರಿಷಸ್ಸಿನಿಂದ ಟಿಪ್ಪುವಿನ ನೆರವಿಗೆಂದು ಮಂಗಳೂರಿನಲ್ಲಿ ಇಳಿದ ಫ್ರೆಂಚರು ನೂರರಷ್ಟು. ಆ ನೂರು ಮಂದಿಯನ್ನೂ ಈಜಿಪ್ಟಿನಲ್ಲಿದ್ದ ನೆಪೋಲಿಯನ್ನನನ್ನೂ ನೆಪಮಾಡಿ ವೆಲ್ಲೆಸ್ಲಿ 1799ರ ಯುದ್ಧ ಹೂಡಿದ. ಮತ್ತೆ ಮುಂಬಯಿ ದಂಡಿಗೆ ಕೊಡಗೇ ದಾರಿ. ಟಿಪ್ಪು ಸತ್ತ. ಕೊಡಗಿಗೆ ಕಪ್ಪ ಮಾಫಿಯಾಗಿ, ವರ್ಷಕ್ಕೊಂದು ಆನೆ ಕೊಟ್ಟರೆ ಸಾಕೆಂದಾಯಿತು.

1815ರಲ್ಲಿ ನೆಪೋಲಿಯನ್ ಸೋತ. ಫ್ರೆಂಚರ ಭಯ ತೀರಿದ ಮೇಲೆ ಕಂಪೆನಿಗೆ ಕೊಡಗಿನ ಗೆಳೆಯನೇತಕ್ಕೆ? ಚಿಕವೀರರಾಜ ಒಳ್ಳೆಯ ಅರಸನೆಂದು ನಾವು ವಾದಿಸುವುದಿಲ್ಲ. ಆದರೆ 1834ರಲ್ಲಿ ಕೊಡಗನ್ನು ನುಂಗಿದ ಕಂಪೆನಿ, ಪ್ರಜೆಗಳೆಲ್ಲ ಒಮ್ಮನಸ್ಸಿನಿಂದ ಬೇಡಿದ್ದರಿಂದ ನುಂಗಿದೆವೆಂದು ಸಾರಿತಲ್ಲ, ಆ ನಾಚಿಕೆಗೇಡಿತನಕ್ಕೆ ಏನೆನ್ನೋಣ! ಕಂಪೆನಿಯ ಬಳಿಯಿದ್ದ ಮನೆತನದ ಹಣಕ್ಕಾಗಿ ಅರಸ 1852ರಲ್ಲಿ ಲಂಡನಿಗೆ ಹೋಗಿ ವ್ಯಾಜ್ಯ ಹೂಡಿದ; 1859ರಲ್ಲಿ ಅಲ್ಲಿಯೇ ಸತ್ತ. ಹಣ ಬರಲಿಲ್ಲ.

ಪ್ರಜೆಗಳ ಒಮ್ಮನಸ್ಸು ಎಂಥದೆಂದು ಮೂರೇ ವರ್ಷದಲ್ಲಿ ತಿಳಿಯಿತು. ಅಮರಸುಳ್ಯವನ್ನು ಕೊಡಗಿನಿಂದ ಕಿತ್ತು ಕನ್ನಡ ಜಿಲ್ಲೆಗೆ ಸೇರಿಸಿ, ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ರೊಕ್ಕದಲ್ಲೇ ಕಟ್ಟಬೇಕೆಂದರು. ರೈತ ಸಾಹುಕಾರನ ಬಾಗಿಲಿಗೆ ಬಿದ್ದ. 1837ರಲ್ಲಿ ಆ ರೈತರು ಮಂಗಳೂರಿನವರೆಗೂ ನುಗ್ಗಿದರು. ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯಗೌಡನನ್ನು ಮಡಿಕೇರಿಯ ಕೋಟೆಯ ಬಳಿ ನೇಣಿಗೇರಿಸಿದರು.

1854ರಲ್ಲಿ ಮಡಿಕೇರಿಯ ಬಳಿ ಬಿಳಿಯರ ಮೊದಲ ಕಾಫಿತೋಟ ಎದ್ದಿತು. ಮೇಸ್ತ್ರಿಗಳ ಮುಂಗಡ ಹಣದ ಹಗ್ಗದಲ್ಲಿ ಬಯಲುಸೀಮೆಯ ಬಡವರನ್ನು ಕಟ್ಟಿ ತಂದರು. ಬಿಳಿಯ ದೊರೆ ಹೋದ, ಲೈನ್ ಮನೆ ಉಳಿಯಿತು. ಇಂದಿಗೂ ಅಲ್ಲಿ ಹಲವರಿಗೆ ಕಾಲ ಕೆಳಗಿನ ನೆಲ ಸ್ವಂತವಲ್ಲ. ತೋಟದ ಕೆಲಸ ತಪ್ಪಿದರೆ ಸೂರೂ ತಪ್ಪಿತು. ಅವರಿಗೆ ನಿವೇಶನದ ಹಕ್ಕುಪತ್ರ ಕೊಡಿಸುವ ಮಾತು ಬಂದಾಗ ಮಾತ್ರ ಸುಲ್ತಾನನ ಪಕ್ಷವೂ ಅರಸನ ಪಕ್ಷವೂ ಬೀದಿಗೆ ಬರುವುದಿಲ್ಲ.