ರಾಕ್ಷಸನ ಗುಟ್ಟು ಎಷ್ಟು ಹೇಳಬೇಕು?

ರಜೆಗೆಂದು ಬಂದ ಸೋದರಳಿಯಂದಿರ ನಡುವಿನ ವ್ಯಾಜ್ಯವೊಂದು ಮೊನ್ನೆ ನನ್ನ ಮುಂದೆ ವಿಚಾರಣೆಗೆ ಬಂದಿತು. ಕಾಲೇಜಿನಲ್ಲಿ ಓದುವ ಹಿರಿಯವನು ಆಟ ನಡೆಸುವವನು. ಹೈಸ್ಕೂಲಿನ ಕಿರಿಯರು ಮೂವರು ಆಡುವವರು. ಆಟದೊಳಗೆ ಎದುರಾದ ಟ್ರೋಲ್ ಎಂಬ ದೈತ್ಯನನ್ನು ಎಷ್ಟು ಕಡಿದರೂ ಗಾಯ ಮಾಯುತ್ತಲೇ ಹೋಯಿತಂತೆ. ಕೊನೆಗೆ ಮೂವರೂ ಸತ್ತರಂತೆ. “ಅದನ್ನು ಬೆಂಕಿಯಲ್ಲಿ ಸುಡಬೇಕೆಂದು ನಮಗೆ ಯಾರು ಹೇಳಿದ್ದರು ಮಾವ?” ಎಂಬುದು ಕಿರಿಯರ ದೂರು. “ಹೇಳಿಬಿಟ್ಟರೆ ಮತ್ತೆ ಆಟವೆಲ್ಲಿ?” ಎಂಬುದು ಹಿರಿಯವನ ಪ್ರತಿವಾದ.

ಪ್ರಶ್ನೆ ಆಟದಷ್ಟೇ ಹಳೆಯದು. ಅದರ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿ 1974ರಲ್ಲಿ ಹೊರತಂದದ್ದು. ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯ ಮೊದಲ ಕಂತಿನಲ್ಲಿ ಹುಡುಗರು ಮೇಜಿನ ಸುತ್ತ ಕುಳಿತು ಆಡುವುದು ಇದನ್ನೇ. ಗೇಮ್ ಮಾಸ್ಟರ್ ಎಂಬವನು ಸನ್ನಿವೇಶವನ್ನು ಬಣ್ಣಿಸುತ್ತಾನೆ. ಉಳಿದವರು ತಲಾ ಒಂದು ಪಾತ್ರ ವಹಿಸಿ, ತಾವೇನು ಮಾಡುವೆವೆಂದು ಮಾತಿನಲ್ಲೇ ಹೇಳುತ್ತಾರೆ. ಏಟು ತಗಲಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖಗಳ ದಾಳ ನಿರ್ಣಯಿಸುತ್ತದೆ. ರಾಕ್ಷಸರ ವಿವರಕ್ಕೆಂದೇ 1977ರಲ್ಲಿ ‘ಮಾನ್‌ಸ್ಟರ್ ಮ್ಯಾನುಯಲ್’ ಎಂಬ ಪ್ರತ್ಯೇಕ ಗ್ರಂಥ ಬಂದಿತು. ಆಟ ನಡೆಸುವವರಿಗಾಗಿ 1979ರಲ್ಲಿ ಬರೆದ ಕೈಪಿಡಿಯಲ್ಲಿ ಗೈಗ್ಯಾಕ್ಸ್, ಅದನ್ನು ಇಟ್ಟುಕೊಂಡ ಆಟಗಾರ ಗೌರವದ ಸಾವಿಗೂ ಅರ್ಹನಲ್ಲವೆಂಬ ಅರ್ಥದ ಮಾತನ್ನೇ ಆಡಿದ್ದಾರೆ!

ಆದರೆ ಅಂಗಡಿಯಲ್ಲಿ ಮಾರುವ ಪುಸ್ತಕದ ಗುಟ್ಟು ಎಷ್ಟು ದಿನ ನಿಂತೀತು? ಹಳೆಯ ಆಟಗಾರರು ಟ್ರೋಲನ್ನು ಹತ್ತು ಸಲ ಸುಟ್ಟವರು. ಹೊಸ ಪಾತ್ರ ಹಿಡಿದಾಗ ಮಾತ್ರ ಏನೂ ಅರಿಯದವರಂತೆ ನಟಿಸಬೇಕು. ತಾಳಮದ್ದಳೆ ಕೇಳಿ ಬೆಳೆದ ನಮಗೆ ಇದು ಬೇಗ ಅರ್ಥವಾದೀತು. ಕರ್ಣಭೇದನದ ಪ್ರಸಂಗದಲ್ಲಿ, ಕೃಷ್ಣ ಹೇಳುವವರೆಗೆ ತಾನು ಕುಂತಿಯ ಮಗನೆಂಬುದು ಕರ್ಣನಿಗೆ ತಿಳಿಯದು. ಅರ್ಥಧಾರಿಗಾದರೋ ಬಾಲ್ಯದಿಂದಲೂ ತಿಳಿದದ್ದೇ. ಆ ಅರಿವನ್ನು ಮುಚ್ಚಿ ಮಾತನಾಡುವುದೇ ಅಲ್ಲಿಯ ಕಲೆ. ಆದರೆ ಕರ್ಣನ ರಹಸ್ಯಕ್ಕಿರುವ ತೂಕ ಟ್ರೋಲಿನ ಬೆಂಕಿಗಿಲ್ಲ. ಅದು ತಿಳಿಯದವರಂತೆ ಅರ್ಧ ಗಂಟೆ ಕತ್ತಿ ಬೀಸುತ್ತ ಕೂರುವುದು ಕಲೆಯಲ್ಲ, ಬೇಸರ.

ನಮ್ಮ ನ್ಯಾಯಾಲಯಗಳಲ್ಲಿಯೂ ಇಂಥದೇ ತೊಡಕಿದೆ. ನ್ಯಾಯಾಧೀಶರು ತಮ್ಮ ಖಾಸಗಿ ತಿಳಿವಳಿಕೆಯ ಮೇಲೆ ತೀರ್ಪು ಕೊಡುವಂತಿಲ್ಲ. ದಾಖಲೆಗೆ ಬಂದ ಸಾಕ್ಷ್ಯವೇ ಆಧಾರ. ಹಾಗಿದ್ದರೂ ಲೋಕವೆಲ್ಲ ಬಲ್ಲ ಕೆಲವು ಸಂಗತಿಗಳಿಗೆ ಸಾಕ್ಷಿ ಕೇಳುವುದಿಲ್ಲ. 1872ರ ಸಾಕ್ಷ್ಯ ಅಧಿನಿಯಮದ ಈ ತತ್ತ್ವ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಉಳಿದಿದೆ. ಟ್ರೋಲುಗಳು ತಿರುಗಾಡುವ ನಾಡಿನಲ್ಲಿ ಹುಟ್ಟಿ ಬೆಳೆದವನಿಗೆ ಬೆಂಕಿಯ ವಿಷಯ ಅಜ್ಜಿಯೇ ಹೇಳಿರಬೇಕಲ್ಲವೇ? ಹುತ್ತಕ್ಕೆ ಕೈ ಹಾಕಬಾರದೆಂದು ನಮ್ಮೂರ ಮಗುವಿಗೆ ಪುಸ್ತಕ ಕಲಿಸಬೇಕಾಗಿಲ್ಲ. ಪಾತ್ರಕ್ಕೆ ಗೊತ್ತಿರಲೇಬೇಕಾದುದನ್ನು ಆಟಗಾರನಿಗೆ ಕೇಳದೆಯೇ ತಿಳಿಸುವುದು ಗೇಮ್ ಮಾಸ್ಟರನ ಕರ್ತವ್ಯ. “ಪುಸ್ತಕ ಕಪಾಟಿನಲ್ಲೇ ಇತ್ತು, ಓದಬಹುದಿತ್ತು” ಎಂದು ಹಿರಿಯವನು ಇನ್ನೊಂದು ವಾದ ಹೂಡಿದ. ಇಂಗ್ಲಿಷಿನ ದಪ್ಪ ಪುಸ್ತಕವದು. ಕಿರಿಯರು ಕನ್ನಡ ಮಾಧ್ಯಮದವರು. ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿಯೇ ತಿಳಿಸಬೇಕೆಂದು ಸುಪ್ರೀಂ ಕೋರ್ಟು 1962ರಲ್ಲಿ ಹರಿಕಿಶನ್ ಪ್ರಕರಣದಲ್ಲಿ ಹೇಳಿದ್ದನ್ನು ಅವನಿಗೆ ನೆನಪಿಸಿ, ಸತ್ತ ಮೂವರನ್ನೂ ಬದುಕಿಸಬೇಕೆಂದು ಆದೇಶಿಸಿದೆ.

ಅಪರೂಪದ ಜೀವಿಗಳ ಮಾತು ಬೇರೆ. 2003ರ ಪರಿಷ್ಕೃತ ನಿಯಮಗಳಲ್ಲಿ ಇದಕ್ಕೊಂದು ಲೆಕ್ಕವಿತ್ತು: ರಾಕ್ಷಸನ ಮಟ್ಟಕ್ಕೆ 10 ಕೂಡಿಸಿದ ಸಂಖ್ಯೆಯನ್ನು ದಾಳದಲ್ಲಿ ಗಳಿಸಿದರೆ ಒಂದು ಉಪಯುಕ್ತ ಸಂಗತಿ ನೆನಪಾಗುತ್ತದೆ, ಅದಕ್ಕಿಂತ ಹೆಚ್ಚಿಗೆ ಬಂದ ಪ್ರತಿ 5ಕ್ಕೆ ಇನ್ನೊಂದು. ಒಳ್ಳೆಯ ಏರ್ಪಾಡೇ. ಆದರೆ ಪ್ರಾಣಕ್ಕೇ ಎರವಾಗುವ ಸಂಗತಿಯನ್ನು ದಾಳಕ್ಕೆ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಬೆಸಿಲಿಸ್ಕ್ ಎಂಬ ಜಂತುವಿನ ದೃಷ್ಟಿ ಬಿದ್ದರೆ ಮನುಷ್ಯ ಕಲ್ಲಾಗುತ್ತಾನೆ. ಅದರ ಗುಹೆಯ ಬಾಯಲ್ಲಿ ಕಲ್ಲಾದ ಮನುಷ್ಯರು ನಿಂತಿರಬೇಕು. ಒಬ್ಬನಾದರೂ ಕಣ್ಣಿಗೆ ಕೈ ಅಡ್ಡ ಹಿಡಿದಿರಬೇಕು. ಹೆಸರು ಹೇಳುವುದು ಬೇಡ, ನೋಟೀಸು ಸಾಕು. ಹಾನಿ ಸರಿಪಡಿಸಲಾಗದಷ್ಟು ದೊಡ್ಡದಾದರೆ ನೋಟೀಸೂ ಅಷ್ಟೇ ಸ್ಪಷ್ಟವಾಗಿರಬೇಕು. ಅದನ್ನು ಕಂಡೂ ಒಳಹೊಕ್ಕರೆ ಆ ಸಾವು ಆಟಗಾರರದೇ ಆಯ್ಕೆ.

ಇನ್ನು ಅಂಕಿಗಳು. 2014ರ ಐದನೆಯ ಆವೃತ್ತಿಯಲ್ಲಿ ಟ್ರೋಲಿನ ರಕ್ಷಣಾಂಕ 15, ಪ್ರಾಣಬಲ 84. ದಾಳದ ಮೊತ್ತ 14 ಬಂದಾಗ ಏಟು ತಪ್ಪಿ 15ಕ್ಕೆ ತಗಲಿದರೆ ರಕ್ಷಣಾಂಕವನ್ನು ಲೆಕ್ಕ ಬಲ್ಲ ಯಾವ ಮಗುವೂ ಊಹಿಸೀತು; ಮುಚ್ಚಿಟ್ಟು ಫಲವಿಲ್ಲ. ಪ್ರಾಣಬಲವನ್ನು ಮುಚ್ಚಿಡಬಹುದು, ಆದರೆ ಗಾಯ ಕಾಣಬೇಕು. 2008ರ ನಾಲ್ಕನೆಯ ಆವೃತ್ತಿಯಲ್ಲಿ ರಾಕ್ಷಸನ ಬಲ ಅರ್ಧಕ್ಕಿಳಿದರೆ ‘ಬ್ಲಡೀಡ್’, ಅಂದರೆ ನೆತ್ತರಾದವನು, ಎಂದು ಕರೆಯುವ ಕ್ರಮವಿತ್ತು. ಅಂಕಿಯ ಬದಲು “ಎಡಗಾಲು ಎಳೆಯುತ್ತಿದ್ದಾನೆ, ಏದುಸಿರು ಬಿಡುತ್ತಿದ್ದಾನೆ” ಎಂದು ಬಣ್ಣಿಸುವುದಕ್ಕೆ ಭಾಷೆ ಬೇಕು. ನಮ್ಮ ಹುಡುಗರಿಗೆ ಅದಕ್ಕೆ ಬರವಿಲ್ಲ. ಕಿರಿಯರಲ್ಲೊಬ್ಬನ ವರ್ಣನೆ ಕೇಳಿ ನಾನೇ ಬೆಚ್ಚಿದೆ.

ಪಾಲಕರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಗೇಮ್ ಮಾಸ್ಟರ್ ರಾಕ್ಷಸನನ್ನು ಆಡಿಸುವ ಎದುರಾಳಿಯೂ ಹೌದು, ತೀರ್ಪು ಕೊಡುವ ನ್ಯಾಯಾಧೀಶನೂ ಹೌದು. ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶನಾಗಬಾರದೆಂಬ ಸೂತ್ರ ಇಲ್ಲಿ ನಡೆಯದು. ನಡೆದರೆ ಆಟವೇ ಇಲ್ಲ. ಸೋಲುವ ಹೊತ್ತಿಗೆ 84ನ್ನು ಗುಟ್ಟಾಗಿ 120 ಮಾಡುವ ಪ್ರಲೋಭನೆ ಅವನಿಗಿದ್ದೇ ಇರುತ್ತದೆ. ಕೃತ್ಯ ನಡೆದ ಮೇಲೆ ಮಾಡಿದ ಕಾನೂನಿನಿಂದ ಯಾರನ್ನೂ ಅಪರಾಧಿಯೆಂದು ಶಿಕ್ಷಿಸುವಂತಿಲ್ಲವೆಂದು ಸಂವಿಧಾನದ 20(1)ನೆಯ ವಿಧಿ ಹೇಳುತ್ತದೆ. ಆಟ ಆರಂಭಿಸುವ ಮೊದಲೇ ರಾಕ್ಷಸನ ಅಂಕಿಗಳನ್ನು ಚೀಟಿಯಲ್ಲಿ ಬರೆದು, ಮಡಚಿ, ಮೇಜಿನ ನಡುವೆ ಇಡಲಿ. ರಾಕ್ಷಸ ಸತ್ತ ಮೇಲೆ, ಅಥವಾ ಆಟಗಾರರು ಸತ್ತ ಮೇಲೆ, ಅತಿ ಕಿರಿಯವನು ಅದನ್ನು ಬಿಡಿಸಿ ಗಟ್ಟಿಯಾಗಿ ಓದಲಿ.