ಗೃಹಸ್ಥನ ಮಾತು: ನಾಯಿಯ ಪಾಲು

ವೈಶ್ವದೇವವನ್ನು ಮಾಡುವ ಗೃಹಸ್ಥನು ತಾನು ಉಣ್ಣುವುದಕ್ಕೆ ಮುಂಚೆ ನಾಯಿಗೂ ಕಾಗೆಗೂ ಕ್ರಿಮಿಗಳಿಗೂ ಒಂದಿಷ್ಟು ಅನ್ನವನ್ನು ನೆಲದ ಮೇಲೆ ಮೆಲ್ಲನೆ ಇಡಬೇಕೆಂದು ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ವಿಧಿಯುಂಟು. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ‘ಮುಂಚೆ’ ಎಂಬುದೇ. ಉಂಡು ಮಿಕ್ಕದ್ದು ನಾಯಿಯ ಪಾಲಲ್ಲ; ಮೊದಲೇ ತೆಗೆದಿಟ್ಟದ್ದು ಅದರ ಪಾಲು. ಇಂದಿನ ಮನೆಗಳಲ್ಲಿ ನಡೆಯುವುದು ಇದಕ್ಕೆ ವಿಪರೀತವಾಗಿದೆ. ತಟ್ಟೆಯಲ್ಲಿ ಉಳಿದ ಸಾರು, ಚೀಪಿದ ಎಲುಬು, ಬಾಣಲೆಯ ತಳದಲ್ಲಿ ಹತ್ತಿದ ಮಸಾಲೆ, ಇವೆಲ್ಲ ನಾಯಿಗೆ ಸಲ್ಲುತ್ತವೆ. ಸಲ್ಲಿಸಿದವರು ತಾವು ಭೂತದಯೆಯನ್ನು ತೋರಿದೆವೆಂದೇ ತಿಳಿಯುತ್ತಾರೆ.

ಈ ಮಾತನ್ನೆತ್ತಲು ಕಾರಣ, ನಮ್ಮ ವಾಚಕರಲ್ಲೊಬ್ಬ ಸೋದರಿಯಿಂದ ಬಂದ ಕಾಗದ. ಅವರ ಮಗನು ಮನೆಗೊಂದು ನಾಯಿಮರಿಯನ್ನು ತಂದಿದ್ದಾನೆ. ಅದಕ್ಕೆ ಮಾತು ಕಲಿಸುವಾಗ ಕೊಡಲೆಂದು ಅಂಗಡಿಯಿಂದ ಒಣಮಾಂಸದ ಪೊಟ್ಟಣಗಳನ್ನು ತರುತ್ತಾನೆ; ಬೆಲೆಯೋ ವಿಪರೀತ. “ಅದನ್ನು ಮನೆಯಲ್ಲೇ ಮಾಡಲಾಗದೆ? ಇಲ್ಲವೇ ನಾವು ಮಾಡುವ ಸಾರಿನೊಳಗಿನ ತುಂಡುಗಳನ್ನೇ ನೀರಿನಲ್ಲಿ ತೊಳೆದು ಕೊಟ್ಟರೆ ಆಗದೆ?” ಎಂದು ಅವರು ಕೇಳಿದ್ದಾರೆ. ಮಾಂಸವನ್ನು ಮುಟ್ಟದ ಮನೆಯಲ್ಲಿ ಹುಟ್ಟಿದ ನನ್ನನ್ನು ಈ ಪಾಕವಿಚಾರದಲ್ಲಿ ಪ್ರಮಾಣವೆಂದು ಹಿಡಿದುದು ಅವರ ಔದಾರ್ಯ. ಆದರೂ ನೆರೆಮನೆಯವರ ಒಲೆಯ ಬಳಿ ನಿಂತು ನೋಡಿದ್ದೇನೆ, ಪಶುವೈದ್ಯರನ್ನು ವಿಚಾರಿಸಿದ್ದೇನೆ. ಮೊದಲನೆಯ ಪ್ರಶ್ನೆಗೆ ಉತ್ತರ: ಧಾರಾಳವಾಗಿ ಮಾಡಬಹುದು. ಎರಡನೆಯದಕ್ಕೆ: ಎಂದೆಂದಿಗೂ ಕೂಡದು.

ಎರಡನೆಯದನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಅದರಲ್ಲಿ ಪ್ರಾಣದ ಪ್ರಶ್ನೆಯಿದೆ. ನಮ್ಮ ಬೀದಿಯ ಮನೆಯೊಂದರಲ್ಲಿ ಹತ್ತು ಕಿಲೋ ತೂಗುವ, ಚುರುಕಾದ ನಾಯಿಯೊಂದಿತ್ತು. ಹಬ್ಬದ ಮಾರನೆಯ ದಿನ ಮಿಕ್ಕ ಸಾರನ್ನೆಲ್ಲ ಅದಕ್ಕೆ ಹಾಕಿದರು. ಎರಡು ದಿನ ಏನೂ ಕಾಣಲಿಲ್ಲ. ಮೂರನೆಯ ದಿನ ಅದು ಮೆಟ್ಟಿಲನ್ನು ಹತ್ತಲಾರದೆ ಕುಳಿತಿತು, ಒಸಡು ಬಿಳಿಚಿಕೊಂಡಿತ್ತು, ಮೂತ್ರವು ಕಾಫಿಯ ಬಣ್ಣಕ್ಕೆ ತಿರುಗಿತ್ತು. ಮನೆಯವರಿಗೆ ಹಬ್ಬದ ಸಾರು ನೆನಪಿಗೂ ಬರಲಿಲ್ಲ. ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ “ಈರುಳ್ಳಿ ತಿಂದಿತೇ?” ಎಂದು. ಬೇರೊಂದು ನಾಯಿಯ ರಕ್ತವನ್ನು ಅದಕ್ಕೆ ಏರಿಸಬೇಕಾಯಿತು. ಬದುಕಿತು; ಆದರೆ ಆ ಮನೆಯ ಮಕ್ಕಳು ಆ ವಾರವೆಲ್ಲ ಸರಿಯಾಗಿ ಉಣ್ಣಲಿಲ್ಲ.

ಈರುಳ್ಳಿ ಬೆಳ್ಳುಳ್ಳಿಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ರಕ್ತದ ಕೆಂಪು ಕಣಗಳನ್ನು ಕೆಡಿಸಿ ಒಡೆಯುವಂತೆ ಮಾಡುತ್ತವೆ. ದೇಹದ ತೂಕದಲ್ಲಿ ನೂರಕ್ಕೆ ಅರ್ಧ ಪಾಲಿನಷ್ಟು ಈರುಳ್ಳಿಯನ್ನು ಒಂದೇ ಸಲಕ್ಕೆ ತಿಂದರೆ ಕೇಡು ಕಾಣಿಸಿಕೊಳ್ಳುತ್ತದೆಂದು ಪಶುವೈದ್ಯಶಾಸ್ತ್ರದ ಲೆಕ್ಕ. ಹತ್ತು ಕಿಲೋ ತೂಗುವ ನಾಯಿಗೆ ಇದು ೫೦ ಗ್ರಾಂ, ಎಂದರೆ ಒಂದು ಸಣ್ಣ ಗೆಡ್ಡೆ. ದಿನವೂ ಸ್ವಲ್ಪ ಸ್ವಲ್ಪವಾಗಿ ತಿಂದರೂ ಕೇಡು ಕೂಡುತ್ತ ಹೋಗುತ್ತದೆ. ಬೇಯಿಸಿದರೆ ಹೋಗದು, ಒಣಗಿಸಿದರೆ ಹೋಗದು. ಅರೆದು ಕುದಿಸಿದ ಮಸಾಲೆಯ ಸತ್ತ್ವವು ಮಾಂಸದ ಎಳೆಎಳೆಗೂ ಇಳಿದಿರುವುದರಿಂದ ತೊಳೆದರೂ ಹೋಗದು. ಬೆಳ್ಳುಳ್ಳಿಯನ್ನು ತಿನ್ನಿಸಿದರೆ ನಾಯಿಯ ಹೊಟ್ಟೆಯ ಹುಳು ಬೀಳುತ್ತದೆಂದು ನಮ್ಮ ಕಡೆ ಬಲವಾದ ನಂಬಿಕೆಯುಂಟು. ಹುಳುವಿಗೆ ವೈದ್ಯರಲ್ಲಿ ಅಗ್ಗದ ಮಾತ್ರೆಗಳಿರುವಾಗ ಈ ವಿಷಪರೀಕ್ಷೆಯೇಕೆ? ಬೇಯಿಸಿದ ಎಲುಬಿನ ಮಾತೂ ಹಾಗೆಯೇ: ಬೆಂದ ಎಲುಬು ಬಿರುಸಾಗಿ ಚೂಪಾದ ಸೀಳುಗಳಾಗಿ ಒಡೆದು ಗಂಟಲನ್ನೋ ಕರುಳನ್ನೋ ಚುಚ್ಚುತ್ತದೆ.

ಆದುದರಿಂದ ಪದ್ಧತಿಯು ಬಹಳ ಸುಲಭವಾದುದು. ಮಾಂಸವನ್ನು ತಂದು ತೊಳೆದೊಡನೆ, ಉಪ್ಪು ಅರಿಸಿನಗಳು ಬೀಳುವುದಕ್ಕೆ ಮುಂಚೆಯೇ, ನಾಯಿಯ ಪಾಲನ್ನು ಬೇರೆಯ ಪಾತ್ರೆಗೆ ತೆಗೆದಿಡತಕ್ಕದ್ದು.

ಕೋಳಿಯ ಎದೆಭಾಗದ ಎಲುಬಿಲ್ಲದ ಮಾಂಸವು ಇದಕ್ಕೆ ಉತ್ತಮ. ಚರ್ಮವನ್ನೂ ಕೊಬ್ಬನ್ನೂ ಪೂರ್ತಿಯಾಗಿ ಬಿಡಿಸಬೇಕು. ಕೊಬ್ಬು ಬೇಗನೆ ಕಮಟು ಹಿಡಿಯುತ್ತದೆ, ಹೆಚ್ಚಾದರೆ ನಾಯಿಯ ಮೇದೋಜೀರಕಾಂಗಕ್ಕೂ ಬೇನೆ ತರುತ್ತದೆ. ಮಾಂಸವನ್ನು ಅರ್ಧ ಗಂಟೆ ಹಿಮದ ಪೆಟ್ಟಿಗೆಯಲ್ಲಿಟ್ಟರೆ ಗಟ್ಟಿಯಾಗಿ, ಕಾಲಂಗುಲ ದಪ್ಪದ ಪಟ್ಟಿಗಳಾಗಿ ಕೊಯ್ಯಲು ಸುಲಭವಾಗುತ್ತದೆ. ಅನಂತರ ಬರಿಯ ನೀರಿನಲ್ಲಿ, ಒಳಗೆ ಎಲ್ಲಿಯೂ ನಸುಗೆಂಪು ಉಳಿಯದಂತೆ ಬೇಯಿಸಬೇಕು. ಈ ಹಂತವನ್ನು ಅವಸರಪಡುವವರು ಬಿಟ್ಟುಬಿಡುತ್ತಾರೆ. ಹಸಿಮಾಂಸವನ್ನೇ ಮಂದವಾದ ಕಾವಿನಲ್ಲಿ ಒಣಗಿಸುತ್ತಾರೆ. ಇದು ತಪ್ಪು. ಕೋಳಿಮಾಂಸದಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣುವಿರಬಹುದು. ಅದು ನಾಯಿಗೂ, ನಾಯಿಗೆ ತಿನ್ನಿಸಿದ ಕೈಯನ್ನು ಬಾಯಿಗಿಡುವ ಮಗುವಿಗೂ ಅಂಟುತ್ತದೆ. ತುಂಡಿನ ನಡುಭಾಗವು ೭೪ ಡಿಗ್ರಿ ಸೆಂಟಿಗ್ರೇಡಿಗೆ ಮುಟ್ಟಿದರೆ ರೋಗಾಣುಗಳು ಸಾಯುತ್ತವೆ. ಮೊದಲೇ ನೀರಾರಿದರೆ ಅವು ಮಂದವಾದ ಕಾವನ್ನು ತಾಳಿಕೊಂಡು ಉಳಿಯುತ್ತವೆ. ಮೊದಲು ಬೇಯಿಸುವುದು, ತರುವಾಯ ಒಣಗಿಸುವುದು, ಕ್ರಮವನ್ನು ತಿರುಗಿಸಬಾರದು.

ಬೆಂದ ಪಟ್ಟಿಗಳನ್ನು ನೀರು ಬಸಿದು, ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿ ಹರಡಿ, ಓವನ್ನು ಇರುವವರು ೯೦ ಡಿಗ್ರಿಯ ಸುಮಾರಿನಲ್ಲಿ ಎರಡು ಮೂರು ಗಂಟೆ ಇಡಬಹುದು. ಇಲ್ಲದವರು ದಪ್ಪ ತಳದ ಕಾವಲಿಯ ಮೇಲೆ ಎಣ್ಣೆಯಿಲ್ಲದೆ, ಸಣ್ಣ ಉರಿಯಲ್ಲಿ, ಮಗುಚುತ್ತ ಮಗುಚುತ್ತ ಆರಿಸಬೇಕು, ತಾಳ್ಮೆಯ ಕೆಲಸ. ಬಗ್ಗಿಸಿದರೆ ತೊಗಲಿನಂತೆ ಬಳುಕಿ, ಎಳೆದರೆ ಎಳೆಯಾಗಿ ಹರಿಯುವುದೇ ಹದ. ಹಪ್ಪಳ ಸಂಡಿಗೆಗಳಂತೆ ಬಿಸಿಲಿನಲ್ಲಿ ಒಣಗಿಸಬಹುದಲ್ಲ ಎಂದು ಕೆಲವರಿಗೆ ತೋರುವುದು ಸಹಜ. ಆದರೆ ಮಾಂಸಕ್ಕೆ ನೊಣವು ಬೇಗ ಮುತ್ತುತ್ತದೆ. ಮಲೆನಾಡಿನ ಆಷಾಢದಲ್ಲಂತೂ ಅದು ಒಣಗುವ ಮುಂಚೆ ಕೊಳೆಯುತ್ತದೆ. ಕೋಳಿಮಾಂಸದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಇರುವುದರಿಂದ ಅರ್ಧ ಕಿಲೋ ತಂದವರಿಗೆ ಹಿಡಿಯಷ್ಟೇ ದೊರೆಯುತ್ತದೆ. ಅಂಗಡಿಯವನ ಬೆಲೆಯ ರಹಸ್ಯದಲ್ಲಿ ಒಂದಂಶ ಇದೇ; ಅವನನ್ನು ಪೂರ್ತಿಯಾಗಿ ಬಯ್ಯಲಾಗದು.

ಬೆಲೆಯೊಂದೇ ಮನೆಯಲ್ಲಿ ಮಾಡುವುದಕ್ಕೆ ಕಾರಣವಲ್ಲ. ೨೦೦೭ರಿಂದ ಮುಂದಕ್ಕೆ ಅಮೆರಿಕದಲ್ಲಿ, ಬಹುಮಟ್ಟಿಗೆ ಚೀನಾದಿಂದ ಬಂದ ಒಣಮಾಂಸದ ಪಟ್ಟಿಗಳನ್ನು ತಿಂದ ನಾಯಿಗಳು ಜಠರದ ಬೇನೆಯಿಂದಲೂ ಮೂತ್ರಪಿಂಡದ ರೋಗದಿಂದಲೂ ನರಳಿದುವೆಂದು ಅಲ್ಲಿನ ಆಹಾರ ಮತ್ತು ಔಷಧ ಇಲಾಖೆಗೆ ದೂರುಗಳು ಬರತೊಡಗಿದುವು. ೨೦೧೫ರ ಕೊನೆಯ ವೇಳೆಗೆ ಅವು ಐದು ಸಾವಿರವನ್ನು ದಾಟಿದುವು. ಸಾವಿರಕ್ಕೂ ಹೆಚ್ಚು ನಾಯಿಗಳು ಸತ್ತುವೆಂದು ಆ ದೂರುಗಳಲ್ಲಿತ್ತು. ವರ್ಷಗಟ್ಟಲೆ ಪರೀಕ್ಷಿಸಿದರೂ ಅವರಿಗೆ ಕಾರಣವು ಖಚಿತವಾಗಲಿಲ್ಲ. ನಮ್ಮ ಒಲೆಯ ಮೇಲೆ ಬೆಂದುದರಲ್ಲಿ ಏನಿದೆಯೆಂಬುದಾದರೂ ನಮಗೆ ಗೊತ್ತಿರುತ್ತದೆ.

ಯಕೃತ್ತು, ಅಂಗಡಿಯ ಮಾತಿನಲ್ಲಿ ಲಿವರು, ನಾಯಿಗೆ ಪರಮಪ್ರಿಯ. ಅದನ್ನೂ ಚೆನ್ನಾಗಿ ಬೇಯಿಸಿ, ನುಣ್ಣಗೆ ಅರೆದು, ರಾಗಿಹಿಟ್ಟನ್ನೂ ಬೇಯಿಸಿದ ನೀರನ್ನೂ ಸೇರಿಸಿ ನಾದಿ, ರೊಟ್ಟಿಯಂತೆ ತೆಳ್ಳಗೆ ತಟ್ಟಿ ಕಾವಲಿಯ ಮೇಲೆ ಎರಡು ಮಗ್ಗುಲೂ ಸುಟ್ಟು, ಕಡಲೆಕಾಳಿನ ಗಾತ್ರಕ್ಕೆ ಕತ್ತರಿಸಿ ಮತ್ತೆ ಆರಿಸಿದರೆ ಒಳ್ಳೆಯ ಬಿಸ್ಕತ್ತುಗಳಾಗುತ್ತವೆ. ಮನೆಯೆಲ್ಲ ನಾರುವುದೊಂದೇ ತೊಂದರೆ. ಹಿತ್ತಿಲ ಒಲೆಯೇ ಮೇಲು. ಆದರೆ ಯಕೃತ್ತಿನಲ್ಲಿ ‘ಎ’ ಜೀವಸತ್ತ್ವವು ತುಂಬಿರುವುದರಿಂದ, ತಿಂಗಳುಗಟ್ಟಲೆ ದಿನವೂ ಹೆಚ್ಚಾಗಿ ತಿನ್ನಿಸಿದರೆ ನಾಯಿಯ ಎಲುಬು ಕೀಲುಗಳಿಗೆ ಹಾನಿಯುಂಟಾಗುತ್ತದೆ. ವಾರಕ್ಕೆ ಒಂದೆರಡು ದಿನ ಸಾಕು.

ಇವೆಲ್ಲ ಊಟವಲ್ಲ, ತಿಂಡಿ. ದಿನದ ಆಹಾರದ ಹತ್ತರಲ್ಲೊಂದು ಪಾಲನ್ನು ತಿಂಡಿಯು ಮೀರಬಾರದೆಂದು ವೈದ್ಯರು ಹೇಳುತ್ತಾರೆ. ಹತ್ತು ಕಿಲೋ ನಾಯಿಗೆ ಒಣಗಿದ ಕೋಳಿಮಾಂಸವಾದರೆ ದಿನಕ್ಕೆ ಸುಮಾರು ೧೫ ಗ್ರಾಂ. ಅಷ್ಟೇ ಎಂದು ಮರುಗಬೇಕಾಗಿಲ್ಲ: ಅದನ್ನೇ ಮೂವತ್ತು ಚೂರು ಮಾಡಿದರೆ ಮೂವತ್ತು ಸಲ ಕೊಡಬಹುದು. ನಾಯಿಯು ಎಷ್ಟು ಸಲ ಕೊಟ್ಟರೆಂದು ನೋಡುತ್ತದೆಯೇ ಹೊರತು ಎಷ್ಟು ದೊಡ್ಡದೆಂದು ನೋಡುವುದಿಲ್ಲ.

ಕೊಡುವ ಕಾಲವೂ ಮುಖ್ಯ. ಜೂನಿನಲ್ಲಿ ಕಲಿತ ಪಾಠಕ್ಕೆ ಏಪ್ರಿಲಿನಲ್ಲಿ ಫಲಿತಾಂಶ ಕೊಡುವ ನಮ್ಮ ಶಾಲೆಯ ಕ್ರಮ ನಾಯಿಗೆ ಹಿಡಿಸದು. ‘ಕೂತುಕೋ’ ಎಂದಾಗ ಕುಳಿತ ಕ್ಷಣದಲ್ಲಿಯೇ ಬಾಯಿಗೆ ಬೀಳಬೇಕು. ಕೂರುವುದಕ್ಕೆ ಮೊದಲೇ ತೋರಿಸಿದರೆ ಅದು ಬಹುಮಾನವಲ್ಲ, ಲಂಚ. ಋಗ್ವೇದದ ಸರಮೆಯು ಪಣಿಗಳು ಗೋವುಗಳ ಆಸೆಯನ್ನು ತೋರಿಸಿದರೂ ಬಗ್ಗಲಿಲ್ಲ. ಬೃಹದ್ದೇವತೆಯ ಕಥೆಯಲ್ಲಿಯಾದರೋ ಹಾಲಿಗೆ ಸೋತು ಇಂದ್ರನಿಗೇ ಸುಳ್ಳು ಹೇಳಿದಳು. ದೇವಶುನಿಯ ಗತಿಯೇ ಹೀಗಾದರೆ ನಮ್ಮ ಬಾಗಿಲ ನಾಯಿಯನ್ನು ಹೇಳುವುದೇನು!

ಮಾಂಸವನ್ನು ಒಳಗೆ ತಾರದ ಮನೆಯವರು ಚಿಂತಿಸಬೇಕಾಗಿಲ್ಲ. ನಾಯಿಯು ಬೆಕ್ಕಿನಂತೆ ಮಾಂಸವಿಲ್ಲದೆ ಬದುಕಲಾರದ ಪ್ರಾಣಿಯಲ್ಲ. ಮನುಷ್ಯನ ಜೊತೆ ಬಾಳಿ ಹಿಟ್ಟನ್ನು ಅರಗಿಸುವ ಶಕ್ತಿಯನ್ನು ತೋಳಕ್ಕಿಂತ ಹೆಚ್ಚಾಗಿ ಪಡೆದಿದೆಯೆಂದು ೨೦೧೩ರಲ್ಲಿ ವಿಜ್ಞಾನಿಗಳು ಅದರ ವಂಶವಾಹಿಗಳಿಂದಲೇ ತೋರಿಸಿದ್ದಾರೆ. ಉಪ್ಪಿಲ್ಲದ ಪನೀರಿನ ಚೂರು, ಬೇಯಿಸಿದ ಗೆಣಸು, ಕ್ಯಾರೆಟ್ಟು ಇವೂ ತಿಂಡಿಯಾಗಬಲ್ಲವು. ಪಾಯಸದ ಒಣದ್ರಾಕ್ಷಿಯನ್ನು ಮಾತ್ರ ಹಾಕಬಾರದು; ಅದು ನಾಯಿಯ ಮೂತ್ರಪಿಂಡಕ್ಕೆ ವಿಷ.

ಸಿದ್ಧವಾದ ತಿಂಡಿಯನ್ನು ಪೂರ್ತಿ ಆರಿದ ಮೇಲೆ ಮುಚ್ಚಳವುಳ್ಳ ಡಬ್ಬಿಯಲ್ಲಿ ಹಾಕಿ ತಂಪುಪೆಟ್ಟಿಗೆಯಲ್ಲಿಟ್ಟು ವಾರದೊಳಗೆ ಮುಗಿಸತಕ್ಕದ್ದು. ಹೆಚ್ಚಾದುದನ್ನು ಹಿಮದ ಪೆಟ್ಟಿಗೆಯಲ್ಲಿಡಬಹುದು. ಕರಾವಳಿಯ ವಾಚಕರು ಒಣಮೀನು ಕೊಡಬಹುದೆಂದು ಯೋಚಿಸಬಹುದು. ಸಂತೆಯ ಒಣಮೀನನ್ನು ಉಪ್ಪಿನಲ್ಲಿಯೇ ಒಣಗಿಸಿರುತ್ತಾರೆ. ಎಷ್ಟು ನೆನೆಸಿದರೂ ಉಪ್ಪು ಪೂರ್ತಿಯಾಗಿ ಬಿಡುವುದಿಲ್ಲ. ಹಸಿಮೀನನ್ನೇ ಬರಿಯ ನೀರಿನಲ್ಲಿ ಬೇಯಿಸಿ, ಮುಳ್ಳನ್ನು ಬೆರಳಿನಿಂದ ತಡವಿ ತಡವಿ ತೆಗೆದು, ಅದೇ ದಿನ ಕೊಟ್ಟುಬಿಡುವುದು ಲೇಸು.