ಸಂಗಕ್ಕೂ ಸಂಬಳವೇ?

ಕುಂದಾಪುರದ ಹತ್ತಿರ ಇರುವ ನಮ್ಮ ದೊಡ್ಡಮ್ಮನ ಮನೆಗೆ ಎರಡು ವರ್ಷಗಳಲ್ಲಿ ಇಬ್ಬರು ಹೋಂ ನರ್ಸ್‌ಗಳು ಬಂದರು. ಮೊದಲನೆಯವಳು ಕೆಲಸದಲ್ಲಿ ಬಲು ಅಚ್ಚುಕಟ್ಟು. ಗಂಟೆಗೆ ಸರಿಯಾಗಿ ಮಾತ್ರೆ, ಗಂಜಿ, ಬಿಸಿನೀರಿನ ಸ್ನಾನ. ಬಿ.ಪಿ. ನೋಡಿ ಪುಸ್ತಕದಲ್ಲಿ ಬರೆದು, ಮುಂಬಯಿಯಲ್ಲಿರುವ ಮಗನಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದಳು. ಉಳಿದ ಹೊತ್ತೆಲ್ಲ ಅವಳು ಮೊಬೈಲಿನಲ್ಲಿ, ದೊಡ್ಡಮ್ಮ ಕಿಟಕಿಯಲ್ಲಿ. ಯಾರ ಕಣ್ಣಿಗೂ ಕುಂದು ಕಾಣಲಿಲ್ಲ. ಆದರೆ ದೊಡ್ಡಮ್ಮನ ಮಾತು ದಿನದಿಂದ ದಿನಕ್ಕೆ ಕಡಿಮೆಯಾಗುತ್ತ ಹೋಯಿತು.

ಎರಡನೆಯವಳು ಹಾವೇರಿ ಕಡೆಯವಳು. ಮಳೆಗಾಲದ ಒಂದು ಮಧ್ಯಾಹ್ನ ನಾನು ಹೋದಾಗ ಅಡುಗೆಮನೆಯಲ್ಲಿ ಕೆಸುವಿನ ಎಲೆ ಹರಡಿಕೊಂಡು ಇಬ್ಬರೂ ಕೂತಿದ್ದರು. “ಈ ಎಲಿ ಬಾಯಿ ತುರಸೂದಿಲ್ಲೇನ್ರಿ ಅಮ್ಮಾರ?” ಎಂದಳು ಅವಳು. “ಹುಳಿ ಲಾಯ್ಕ್ ಮಾಡಿ ಹಾಕ್ರೆ ತುರ್ಸುದಿಲ್ಲ ಕಾಣ್” ಎಂದು ದೊಡ್ಡಮ್ಮ ಅವಳ ಕೈಯಿಂದ ಎಲೆ ತೆಗೆದುಕೊಂಡು, ನಡುಗುವ ಬೆರಳಲ್ಲೇ ಹಿಟ್ಟು ಸವರಿ ತೋರಿಸಿದರು. ಪತ್ರೊಡೆ ಸ್ವಲ್ಪ ಸಡಿಲವಾಗಿಯೇ ಸುತ್ತಿಕೊಂಡಿತು. ಆದರೆ ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ದೊಡ್ಡಮ್ಮನ ದನಿ ಜೋರಾಗಿ ಕೇಳಿತು.

ಸಂಬಳ ಇಬ್ಬರಿಗೂ ಒಂದೇ. ಹಾಗಾದರೆ ಎರಡನೆಯವಳು ಕೊಟ್ಟದ್ದೇನು? ಅದಕ್ಕೆ ಬೆಲೆ ಕಟ್ಟಬಹುದೇ?

ಇದು ಒಂದು ಮನೆಯ ಪ್ರಶ್ನೆಯಾಗಿ ಉಳಿದಿಲ್ಲ. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದ ಜನರಲ್ಲಿ ಶೇ 9.5ರಷ್ಟು ಮಂದಿ ಅರವತ್ತು ದಾಟಿದ್ದರು. ಕರಾವಳಿಯ ಮಕ್ಕಳು ಮುಂಬಯಿ, ಕೊಲ್ಲಿ ದೇಶಗಳಿಗೆ ಹೋದರು; ಮಲೆನಾಡಿನ, ಬಯಲುಸೀಮೆಯ ಮಕ್ಕಳು ಬೆಂಗಳೂರಿಗೆ ಬಂದರು. ಒಂಟಿತನದ ಚಿಂತೆ ಹೊರದೇಶಗಳಲ್ಲಿ ಸರ್ಕಾರದ ಮಟ್ಟಕ್ಕೂ ಏರಿದೆ. 2018ರಲ್ಲಿ ಬ್ರಿಟನ್, 2021ರಲ್ಲಿ ಜಪಾನ್ ಇದಕ್ಕೆಂದೇ ಸಚಿವರನ್ನು ನೇಮಿಸಿದವು. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದ ವಿವೇಕ್ ಮೂರ್ತಿ, ಒಂಟಿತನ ಜೀವಕ್ಕೆ ತರುವ ಅಪಾಯವನ್ನು ದಿನಕ್ಕೆ ಹದಿನೈದು ಸಿಗರೇಟು ಸೇದುವುದಕ್ಕೆ ಹೋಲಿಸಿ ಎಚ್ಚರಿಸಿದರು. ಅವರ ಹಿರಿಯರು ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆಯವರು.

ಹಣ ಕೊಟ್ಟು ತಂದ ಸಂಗ ನಿಜವಾದ ಸಂಗವೇ ಎಂದು ಕೇಳುವವರು ಬಹಳ. ಆ ಕಳವಳ ನನಗೆ ಅರ್ಥವಾಗುತ್ತದೆ. ಆದರೆ ಮೇಷ್ಟ್ರು ಸಂಬಳ ತೆಗೆದುಕೊಳ್ಳುತ್ತಾರೆಂದು ಅವರ ವಾತ್ಸಲ್ಯವನ್ನು ನಾವು ಸುಳ್ಳೆನ್ನುವುದಿಲ್ಲ. ಹೆರಿಗೆ ಮಾಡಿಸಿದ ಸೂಲಗಿತ್ತಿಗೆ ಸೀರೆ, ಅಕ್ಕಿ ಕೊಟ್ಟ ಮಾತ್ರಕ್ಕೆ ಆಕೆಯ ಕೈಯ ಅಕ್ಕರೆ ಕಡಿಮೆಯಾಗಲಿಲ್ಲ. ಸಂಬಳ ಅಕ್ಕರೆಯನ್ನು ತಂದುಕೊಡುವುದಿಲ್ಲ, ನಿಜ. ಆದರೆ ಅಕ್ಕರೆ ಹುಟ್ಟಲು ಬೇಕಾದ ಹೊತ್ತನ್ನೂ ನೆಮ್ಮದಿಯನ್ನೂ ಅದು ತಂದುಕೊಡಬಲ್ಲದು.

ಹಿಂದೆ ಮನೆ ತುಂಬ ಜನ, ಆಗ ಈ ಪಾಡಿರಲಿಲ್ಲ ಎನ್ನುವುದು ಇನ್ನೊಂದು ಮಾತು. ಆ ಮನೆಗಳಲ್ಲಿ ಮುದುಕರ ಪಕ್ಕ ಕೂತವರು ಯಾರು? ಸೊಸೆ, ವಿಧವೆಯಾಗಿ ತವರಿಗೆ ಮರಳಿದ ಮಗಳು, ಮದುವೆಯಾಗದ ತಂಗಿ. ಅವರ ದುಡಿಮೆಗೆ ಹೆಸರೂ ಇರಲಿಲ್ಲ, ರಜೆಯೂ ಇರಲಿಲ್ಲ. ತುಂಬಿದ ಮನೆಯ ಒಳಕೋಣೆಯಲ್ಲಿ ಮಾತಿಗೆ ಹಾತೊರೆದು ಸವೆದ ಅಜ್ಜಿಯರನ್ನು ನಮ್ಮ ಹಳೆಯ ಮನೆಗಳು ಬೇಕಾದಷ್ಟು ಕಂಡಿವೆ. ಕನ್ನಡದಲ್ಲಿ ಏಕಾಂತಕ್ಕೂ ಒಂಟಿತನಕ್ಕೂ ಬೇರೆ ಬೇರೆ ಪದಗಳಿವೆ. ಒಬ್ಬರೇ ಇದ್ದು ಏಕಾಂತವನ್ನು ಸವಿಯುವವರಿದ್ದಾರೆ. ಹತ್ತು ಜನರ ನಡುವೆ ಒಂಟಿಯಾಗಿ ಬೇಯುವವರಿದ್ದಾರೆ. ತಲೆ ಎಣಿಸಿದರೆ ಒಂಟಿತನದ ಲೆಕ್ಕ ಸಿಗುವುದಿಲ್ಲ.

ಹಾಗಾದರೆ ಯಾವುದರಿಂದ ಸಿಗುತ್ತದೆ? ‘ನನ್ನಿಂದ ಯಾರಿಗಾದರೂ ಏನಾದರೂ ಬೇಕಾಗಿದೆಯೇ?’ ಈ ಪ್ರಶ್ನೆಗೆ ದಿನಗಟ್ಟಲೆ ಉತ್ತರ ಬಾರದಿದ್ದಾಗ ಮನುಷ್ಯ ಒಂಟಿಯಾಗುತ್ತಾನೆ. ಮೊದಲನೆಯ ಹುಡುಗಿ ದೊಡ್ಡಮ್ಮನಿಗೆ ಎಲ್ಲವನ್ನೂ ಕೊಟ್ಟಳು, ಅವರಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ಎರಡನೆಯವಳು ಅವರಿಂದ ಪತ್ರೊಡೆ ಕಲಿತಳು, ತನಗೆ ಬರುವ ರೊಟ್ಟಿ ತಟ್ಟಿ ತೋರಿಸಿದಳು. ಕೈಯೊಡ್ಡಿ ಕೇಳುವ ಗುಣವೇ ಜೊತೆಗಾರಿಕೆಯ ಮೂಲ ಎಂದು ನನಗೆ ಆ ಮಧ್ಯಾಹ್ನ ಅನಿಸಿತು.

ಇದು ಹುಟ್ಟುಗುಣ ಮಾತ್ರ ಎಂದು ಕೈಬಿಡಬೇಕಿಲ್ಲ, ಇದನ್ನು ಕಲಿಸಬಹುದು. ನಾವು ಹೋಂ ನರ್ಸ್ ಹುಡುಕುವಾಗ ಕೇಳುವ ಪ್ರಶ್ನೆಗಳೇ ಬೇರೆ: ಡಯಾಪರ್ ಬದಲಿಸಲು ಬರುತ್ತದೆಯೇ, ಶುಗರ್ ನೋಡಲು ಬರುತ್ತದೆಯೇ? ಹೇಳಿದ್ದನ್ನೇ ನಾಲ್ಕನೆಯ ಸಲ ಹೇಳಿದಾಗ ತಾಳ್ಮೆಯಿಂದ ಕೇಳುವುದು, ಮರೆವಿನವರ ಮಾತನ್ನು ತಿದ್ದದೆ ಜೊತೆಗೆ ಸಾಗುವುದು, ಅವರ ಕೈಲಾಗುವ ಕೆಲಸವನ್ನು ಅವರಿಗೇ ಬಿಡುವುದು, ಇವೂ ಕುಶಲತೆಗಳೇ. ಇವಕ್ಕೂ ತರಬೇತಿ ಬೇಕು, ಕೂಲಿ ಬೇಕು.

ಜೊತೆಗೆ ನ್ಯಾಯವೂ ಬೇಕು. ಮನೆಗೆಲಸದವರ ಹಕ್ಕುಗಳ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಮಾಡಿದ 189ನೆಯ ಒಡಂಬಡಿಕೆಯನ್ನು ಭಾರತ ಅನುಮೋದಿಸಿಲ್ಲ. ಹಗಲಿರುಳು ಒಂದೇ ಮನೆಯಲ್ಲಿರುವ ಹುಡುಗಿಗೆ ವಾರದ ರಜೆಯಿಲ್ಲ, ಬಾಗಿಲು ಹಾಕಿಕೊಳ್ಳಲು ಒಂದು ಕೋಣೆಯಿಲ್ಲ ಎಂದರೆ, ಒಬ್ಬರ ಒಂಟಿತನ ಕಳೆಯಲು ಇನ್ನೊಬ್ಬರನ್ನು ಒಂಟಿ ಮಾಡಿದಂತಾಯಿತು.

ಇಷ್ಟಾದರೂ ಸಂಬಳ ಕೊಡಬಲ್ಲವರು ಕೆಲವರೇ. ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ ದಿನ ದೂಡುವ ಅಜ್ಜನಿಗೆ ಜೊತೆಗಾರರನ್ನು ತರುವ ಶಕ್ತಿ ಎಲ್ಲಿದೆ? 14567ರ ಹಿರಿಯರ ಸಹಾಯವಾಣಿಗೆ ಕರೆ ಮಾಡಬಹುದು. ಆದರೆ ಸಂಜೆಯ ಹೊತ್ತು ಪಕ್ಕದಲ್ಲಿ ಕೂರುವ ಜೀವ ಫೋನಿನಲ್ಲಿ ಸಿಗುವುದಿಲ್ಲ. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ನಮ್ಮ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳಾಗಿವೆ. ಅಲ್ಲಿಗೇ ಊರಿನ ನಾಲ್ವರು ಹಿರಿಯರನ್ನು ದಿನಕ್ಕೆರಡು ತಾಸು ಕರೆತಂದರೆ, ಕೂಸುಗಳಿಗೆ ಕಥೆ, ಹಿರಿಯರಿಗೆ ಕೇಳುವ ಕಿವಿ. ಕರೆತಂದು ಮರಳಿ ಬಿಡುವವರಿಗೆ ಪಂಚಾಯತಿಯೇ ಗೌರವಧನ ಕೊಡಲಿ. ಹಾಗೆ ಮಾಡಿದರೆ ಸಂಗ ಉಳ್ಳವರ ಸ್ವತ್ತಾಗಿ ಉಳಿಯದು.

ಸಂಬಳದ ಜೊತೆಗಾರರು ಬಂದರೆಂದು ಮಕ್ಕಳ ಹೊಣೆ ತೀರುವುದೂ ಇಲ್ಲ. ಬಿ.ಪಿ. ಎಷ್ಟೆಂದು ಕೇಳುವ ಮಗ, ಪತ್ರೊಡೆಗೆ ಬೆಲ್ಲ ಎಷ್ಟು ಹಾಕಬೇಕೆಂದೂ ಒಮ್ಮೆ ತಾಯಿಯನ್ನು ಕೇಳಲಿ.

ಹಾವೇರಿಯ ಹುಡುಗಿಯ ತಾಯಿಯೂ ಊರಲ್ಲಿ ಒಬ್ಬಳೇ. ಈ ಸುಗ್ಗಿಗೆ ಅವಳು ಹತ್ತು ದಿನ ಊರಿಗೆ ಹೋದಳು. “ಅವ್ಳ ಸಂಬ್ಳ ಹಿಡಿಬೇಡ” ಎಂದು ಮಗನೊಡನೆ ಫೋನಿನಲ್ಲಿ ಜಗಳವಾಡಿದವರು ದೊಡ್ಡಮ್ಮನೇ. ಸಂಗಕ್ಕೂ ಸಂಬಳವೇ ಎಂದು ಅವರು ಕೇಳಲಿಲ್ಲ. ಸಂಬಳದೊಂದಿಗೆ ತಾಯಿಗೆಂದು ಒಂದು ಬಾಟಲಿ ಮಾವಿನ ಮಿಡಿ ಉಪ್ಪಿನಕಾಯಿಯನ್ನೂ ಕಟ್ಟಿಕೊಟ್ಟರು.